ವಿಕಿರಣ ತಡೆಯುವ ಸ್ಟಿಕ್ಕರ್: ದುಡ್ಡು ದಂಡ

ಮೊಬೈಲಿನ ಬೆನ್ನಿಗೆ ಅಂಟಿಸಿದರೆ ವಿಕಿರಣ ತಗ್ಗಿ ಪುರುಷರ ಸಂತಾನಶಕ್ತಿ ಉಳಿಯುತ್ತದೆಂದು ಹೇಳಿ ಮಾರುವ, ರೂಪಾಯಿ ನಾಣ್ಯದಗಲದ ಹೊಂಬಣ್ಣದ ಸ್ಟಿಕ್ಕರೊಂದನ್ನು ತರಿಸಿ ನೋಡಿದೆ. ಪೊಟ್ಟಣದ ಮೇಲೆ ಪ್ರಯೋಗಾಲಯದ ವರದಿಯ ಸುಳಿವೂ ಇರಲಿಲ್ಲ. ಮಗುವಿಗಾಗಿ ಹಂಬಲಿಸುವ ದಂಪತಿಗಳ ಆತಂಕವನ್ನೇ ಬಂಡವಾಳ ಮಾಡಿಕೊಂಡ ಈ ವ್ಯಾಪಾರ ನನಗೆ ತೀರಾ ಬೇಸರ ತಂದಿದೆ.

ಆತಂಕಕ್ಕೆ ಆಧಾರವೇ ಇಲ್ಲವೆನ್ನಲಾಗದು. 18ರಿಂದ 22 ವರ್ಷದ 2,886 ಸ್ವಿಸ್ ಯುವಕರನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆಗಿಂತ ಹೆಚ್ಚು ಫೋನ್ ಬಳಸದವರ ವೀರ್ಯಾಣು ಸಾಂದ್ರತೆ ಮಿಲಿಲೀಟರಿಗೆ 5.65 ಕೋಟಿಯಷ್ಟಿದ್ದರೆ, ದಿನಕ್ಕೆ 20ಕ್ಕಿಂತ ಹೆಚ್ಚು ಬಾರಿ ಬಳಸುವವರಲ್ಲಿ 4.45 ಕೋಟಿಯಷ್ಟಿತ್ತು, ಆದರೆ ಫೋನನ್ನು ಪ್ಯಾಂಟಿನ ಜೇಬಿನಲ್ಲಿಡುವುದಕ್ಕೂ ಈ ಇಳಿಕೆಗೂ ನಂಟು ಕಾಣಲಿಲ್ಲ, ವಿಕಿರಣವೇ ಕಾರಣವೆಂದು ಸಾಬೀತೂ ಆಗಲಿಲ್ಲ.

ಸ್ಟಿಕ್ಕರ್ ನಿಜಕ್ಕೂ ಆಂಟೆನಾಗೆ ಅಡ್ಡಬಂದರೆ, ಟವರಿನ ಸಂಪರ್ಕ ಉಳಿಸಿಕೊಳ್ಳಲು ಫೋನು ಇನ್ನಷ್ಟು ಶಕ್ತಿ ಹೊರಸೂಸಬಹುದು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಗ್ರಾಹಕರನ್ನು ಎಚ್ಚರಿಸಿರುವುದೂ ಇದನ್ನೇ. ದೇಹ ಹೀರಿಕೊಳ್ಳುವ ಶಕ್ತಿಯನ್ನು ಅಳೆಯುವ ಎಸ್‌ಎಆರ್‌ಗೆ ಭಾರತದಲ್ಲಿರುವ ಮಿತಿ ಕಿಲೋಗ್ರಾಮಿಗೆ 1.6 ವ್ಯಾಟ್; *#07# ಒತ್ತಿದರೆ ಬಹುತೇಕ ಫೋನುಗಳು ತಮ್ಮ ಅಂಕಿಯನ್ನು ಪುಕ್ಕಟೆಯಾಗಿಯೇ ತೋರಿಸುತ್ತವೆ. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ದಯವಿಟ್ಟು ಇದೇ ಹಣವನ್ನು ವೀರ್ಯ ಪರೀಕ್ಷೆಗೆ ಬಳಸಿ.