ರೆಡ್‌ಮೈನ್: ಹಲವು ವರ್ಷ ಬಳಸಿದ ಮೇಲೆ ಒಂದು ವಿಮರ್ಶೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ತಂತ್ರಾಂಶ ತಂಡ ಹಲವು ವರ್ಷಗಳಿಂದ ಎಲ್ಲ ಪ್ರಾಜೆಕ್ಟುಗಳನ್ನೂ ರೆಡ್‌ಮೈನ್‌ನಲ್ಲೇ ನಡೆಸುತ್ತಿದೆ. 2006ರಲ್ಲಿ ಮೊದಲು ಬಿಡುಗಡೆಯಾದ, ಪ್ರಾಜೆಕ್ಟಿನ ಕೆಲಸಗಳು, ಗಡುವು, ಪ್ರಗತಿಗಳ ಲೆಕ್ಕವಿಡುವ ಈ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ ಮತ್ತು ಅದನ್ನು ಕಚೇರಿಯ ಸರ್ವರ್‌ನಲ್ಲೇ ಸ್ಥಾಪಿಸಿಕೊಳ್ಳಬಹುದು. ಆರಿಸಿಕೊಂಡದ್ದು ಆ ಕಾರಣಕ್ಕೆ. ಇಂದಿಗೂ ಬಿಡದಿರುವುದು ವಿಳಂಬ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಅದು ತೋರಿಸಿಕೊಡುವುದಕ್ಕೆ.

ನಮ್ಮ ಕೆಲಸದ ದೊಡ್ಡ ಪಾಲು ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಸೇರಿದ್ದು: ಕಬ್ಬಿನ ತೂಕ ಮತ್ತು ರೈತರ ಬಿಲ್ಲಿನ ತಂತ್ರಾಂಶ. ಕಬ್ಬು ಅರೆಯುವ ಹಂಗಾಮು ತಂತ್ರಾಂಶಕ್ಕಾಗಿ ಕಾಯುವುದಿಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದ್ದರಿಂದ, ಬಿಲ್ಲಿನ ಭಾಗ ಒಂದು ವಾರ ಹಿಂದೆ ಬಿದ್ದರೂ ಅದರ ಬಿಸಿ ಕೊನೆಗೆ ತಟ್ಟುವುದು ರೈತನಿಗೆ. ಕೋಡ್ ಬರೆಯುವವರ ನಿಧಾನವೇ ವಿಳಂಬಕ್ಕೆ ಕಾರಣವೆಂದು ಬಹಳ ಜನ ಊಹಿಸುತ್ತಾರೆ. ನಮ್ಮ ದಾಖಲೆ ಹೇಳುವುದೇ ಬೇರೆ: ತೂಕದ ಯಂತ್ರದ ಮಾದರಿ ದತ್ತಾಂಶಕ್ಕಾಗಿ, ಕಡಿತಗಳ ಲೆಕ್ಕಕ್ಕೆ ಸಿಗಬೇಕಾದ ಒಪ್ಪಿಗೆಗಾಗಿ ಕಾಯುವುದರಲ್ಲೇ ಹೆಚ್ಚು ದಿನಗಳು ಕಳೆದಿವೆ.

ಈ ಕಾಯುವಿಕೆಯನ್ನು ಬಯಲಿಗೆ ತರುವುದು ಕೆಲಸಗಳ ನಡುವೆ ಹಾಕಬಹುದಾದ ಕೊಂಡಿಗಳು. ಒಂದು ಕೆಲಸ ಮತ್ತೊಂದನ್ನು ತಡೆದಿದೆ ಎಂದು ಗುರುತಿಸಿದರೆ, ಮೊದಲನೆಯದು ಮುಗಿಯುವವರೆಗೆ ಎರಡನೆಯದನ್ನು ಮುಚ್ಚಲು ರೆಡ್‌ಮೈನ್ ಬಿಡುವುದಿಲ್ಲ. ಒಂದರ ನಂತರ ಇನ್ನೊಂದು ಎಂದು ಜೋಡಿಸಿದರೆ, ಹಿಂದಿನದರ ಗಡುವು ಮುಂದೆ ಹೋದಾಗ ಅದನ್ನು ಅವಲಂಬಿಸಿದ ಕೆಲಸಗಳ ದಿನಾಂಕಗಳೂ ತಾವಾಗಿಯೇ ಜರುಗುತ್ತವೆ ಮತ್ತು ಕೆಲಸಗಳನ್ನು ದಿನಾಂಕಗಳ ಎದುರು ಅಡ್ಡಪಟ್ಟಿಗಳಾಗಿ ತೋರಿಸುವ ಗ್ಯಾಂಟ್ ಚಾರ್ಟ್‌ನಲ್ಲಿ ಅದರ ಪರಿಣಾಮ ಅಂದೇ ಕಾಣುತ್ತದೆ. ಗ್ರಾಹಕರ ಮುಂದೆ ಆ ಚಾರ್ಟ್ ಇಟ್ಟು, ‘ಈ ಒಪ್ಪಿಗೆ ಶುಕ್ರವಾರದೊಳಗೆ ಬಾರದಿದ್ದರೆ ಪರೀಕ್ಷೆ ಹಂಗಾಮಿನೊಳಕ್ಕೆ ಹೋಗುತ್ತದೆ’ ಎಂದಾಗ ಸಿಗುವ ಉತ್ತರ, ಎಷ್ಟು ಇಮೇಲ್ ಬರೆದರೂ ಸಿಗದು.

ಶೇಕಡಾವಾರು ಪ್ರಗತಿಯ ಅಂಕಣವನ್ನು ಮಾತ್ರ ನಂಬಬಾರದು. ಕೈಯಿಂದ ತುಂಬುವ ಆ ಅಂಕಿ 90ಕ್ಕೆ ಬಂದು ವಾರಗಟ್ಟಲೆ ಅಲ್ಲೇ ನಿಲ್ಲುತ್ತದೆ. ಕೆಲಸದ ಸ್ಥಿತಿಯಿಂದಲೇ ಪ್ರಗತಿಯನ್ನು ನಿರ್ಧರಿಸುವ ಆಯ್ಕೆ ಸೆಟ್ಟಿಂಗ್‌ಗಳಲ್ಲಿದೆ. ಹೊಸದಾಗಿ ಬಳಸುವವರು ಮೊದಲ ದಿನವೇ ಅದನ್ನು ಆರಿಸಿಕೊಳ್ಳಲಿ ಎಂಬುದು ನನ್ನ ಒತ್ತಾಯ.

ಕೊರತೆಗಳೂ ಇವೆ. ರಜಾ ದಿನಗಳೆಂದು ವಾರದ ದಿನಗಳನ್ನಷ್ಟೇ ಗುರುತಿಸಬಹುದು. ಆಯುಧಪೂಜೆ, ವಿಜಯದಶಮಿಗಳನ್ನು ಸೇರಿಸಲು ಜಾಗವಿಲ್ಲ. ದಸರಾ ಹೊತ್ತಿಗೆ ಅರ್ಧ ತಂಡ ರಜೆಯ ಮೇಲಿರುವ ಮೈಸೂರಿನಲ್ಲಿ ಇದು ಸಣ್ಣ ವಿಷಯವಲ್ಲ, ಹಾಗಾಗಿ ಕೆಲಸಗಳ ನಡುವಿನ ಅಂತರದ ದಿನಗಳನ್ನು ನಾವೇ ಹೆಚ್ಚಿಸಿಕೊಳ್ಳುತ್ತೇವೆ. ಒಬ್ಬರ ಕೈಯಲ್ಲಿ ಏಕಕಾಲಕ್ಕೆ ಎಷ್ಟು ಕೆಲಸವಿರಬೇಕೆಂಬ ಮಿತಿ ಹಾಕುವ ಕಾನ್‌ಬಾನ್ ಫಲಕ (ಕೆಲಸಗಳನ್ನು ಹಂತವಾರು ಅಂಕಣಗಳಲ್ಲಿ ಚೀಟಿಗಳಂತೆ ತೋರಿಸುವ ಪುಟ) ಮೂಲ ತಂತ್ರಾಂಶದಲ್ಲಿಲ್ಲ, ಅದಕ್ಕೆ ಪ್ಲಗಿನ್ ಎಂಬ ಹೆಚ್ಚುವರಿ ತುಣುಕು ಬೇಕು. ರೆಡ್‌ಮೈನ್‌ನ ಆವೃತ್ತಿ ಬದಲಾದಾಗ ಪ್ಲಗಿನ್‌ಗಳು ಕೈಕೊಡುವುದುಂಟು, ಆದ್ದರಿಂದ ಹಂಗಾಮು ಹತ್ತಿರವಿರುವಾಗ ನಾವು ಅಪ್‌ಗ್ರೇಡ್ ಮಾಡುವುದಿಲ್ಲ. ರೂಬಿ (ರೆಡ್‌ಮೈನ್ ಬರೆಯಲು ಬಳಸಿರುವ ಪ್ರೋಗ್ರಾಮಿಂಗ್ ಭಾಷೆ) ಬಲ್ಲ, ಬ್ಯಾಕಪ್ ನೋಡಿಕೊಳ್ಳುವ ಒಬ್ಬರಾದರೂ ಇಲ್ಲದ ತಂಡಕ್ಕೆ ಇದನ್ನು ನಾನು ಸೂಚಿಸಲಾರೆ.