ಸಿ-ವಿಜಿಲ್ ಆ್ಯಪ್ ಬಳಸಿದ ಅನುಭವ: ದೂರು ಕೊಡೋದು ಸುಲಭ, ಶಿಕ್ಷೆ ಮಾತ್ರ ಸಾಲದು

ನಮ್ಮದು ತುಮಕೂರು ಜಿಲ್ಲೆಯ ಸಣ್ಣ ಊರು. ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಚುನಾವಣೆ ಬಂತೆಂದರೆ ಮತದಾರರ ಪಟ್ಟಿ ಹಿಡಿದುಕೊಂಡು ಎಲ್ಲ ಪಕ್ಷದವರೂ ಬರುತ್ತಾರೆ.

2024ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಕಡೆ ಏಪ್ರಿಲ್ 26ಕ್ಕೆ ಮತದಾನ. ಹಿಂದಿನ ರಾತ್ರಿ ಬಾಗಿಲು ಹಾಕಿ ಮನೆಗೆ ಹೊರಟಿದ್ದೆ. ಹಿಂದಿನ ಬೀದಿಯ ಲೈಟ್ ಕಂಬದ ಕೆಳಗೆ ಇಬ್ಬರು ನಿಂತಿದ್ದರು. ಒಬ್ಬ ಹೆಸರು ಓದುತ್ತಿದ್ದ, ಇನ್ನೊಬ್ಬ ನೋಟು ಎಣಿಸಿ ಕೊಡುತ್ತಿದ್ದ. ತಲೆಗೆ ಐನೂರು. ಓದುತ್ತಿದ್ದ ಹಾಳೆಯ ಎಡ ಅಂಚಿನಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ. ನನ್ನ ಮೆಷಿನ್‌ನ ಡ್ರಮ್ ಸವೆದು ಆ ವಾರ ಎಲ್ಲ ಹಾಳೆಯ ಮೇಲೂ ಅದೇ ಗೆರೆ ಬೀಳುತ್ತಿತ್ತು. ನಾನೇ ಮಾಡಿಕೊಟ್ಟ ಜೆರಾಕ್ಸ್ ಅದು. ನೋಡಿ ತುಂಬಾ ಸಂಕಟ ಆಯಿತು.

ಕೂಡಲೇ ಸಿ-ವಿಜಿಲ್ ತೆರೆದೆ. ಚುನಾವಣಾ ಅಕ್ರಮ ಕಂಡರೆ ದೂರು ಕೊಡಲು ಚುನಾವಣಾ ಆಯೋಗ ಮಾಡಿರುವ ಈ ಆ್ಯಪ್ 2018ರಿಂದ ಇದೆ. ಫೋಟೊ ತೆಗೆಯಬಹುದು, ಇಲ್ಲವೇ ಎರಡು ನಿಮಿಷದ ವಿಡಿಯೊ. ಜಾಗ ಯಾವುದು ಅಂತ ಆ್ಯಪ್ ತಾನೇ ಗುರುತು ಹಾಕಿಕೊಳ್ಳುತ್ತದೆ. ಗ್ಯಾಲರಿಯಲ್ಲಿರುವ ಹಳೇ ವಿಡಿಯೊ ತೆಗೆದುಕೊಳ್ಳುವುದಿಲ್ಲ. ಇದು ನನಗೆ ತುಂಬಾ ಇಷ್ಟವಾಯಿತು. ಇಲ್ಲದಿದ್ದರೆ ಬೇರೆ ಊರಿನ ವಾಟ್ಸಾಪ್ ವಿಡಿಯೊ ಹಾಕಿ ಎದುರು ಪಕ್ಷದವರ ಮೇಲೆ ಸುಳ್ಳು ದೂರು ಕೊಡುವವರೇ ಜಾಸ್ತಿ ಆಗುತ್ತಿದ್ದರು. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಆಮೇಲೆ ಅದು ಏನಾಯಿತು ಅಂತ ನೋಡಲು ಆಗುವುದಿಲ್ಲ. ನಾನು ನನ್ನ ನಂಬರ್ ಕೊಟ್ಟೇ ಕಳಿಸಿದೆ.

100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನುವುದು ನಿಯಮ. ದೂರನ್ನು ಫ್ಲೈಯಿಂಗ್ ಸ್ಕ್ವಾಡ್‌ಗೆ, ಅಂದರೆ ಅಕ್ರಮ ತಡೆಯಲು ಓಡಾಡುವ ತಂಡಕ್ಕೆ, ದಾಟಿಸಲು 5 ನಿಮಿಷ, ಅವರು ಬಂದು ಮುಟ್ಟಲು 15, ಅಲ್ಲಿ ಪರಿಶೀಲನೆಗೆ 30, ಚುನಾವಣಾಧಿಕಾರಿ ತೀರ್ಮಾನಕ್ಕೆ 50. ನಮ್ಮ ಬೀದಿಗೆ ಫ್ಲೈಯಿಂಗ್ ಸ್ಕ್ವಾಡ್ ಜೀಪು ಅರ್ಧ ಗಂಟೆಯೊಳಗೇ ಬಂತು. ನೋಟು ಎಣಿಸುತ್ತಿದ್ದವ ಓಡಿದ. ಪಟ್ಟಿ ಹಿಡಿದವ ಸಿಕ್ಕಿಬಿದ್ದ. ಬಂದವರು ತಾಳ್ಮೆಯಿಂದ ಎಲ್ಲ ಬರೆದುಕೊಂಡರು. ಅಲ್ಲಿಯವರೆಗೆ ನನ್ನದು ಪೂರ್ತಿ ಅಂಕ.

"ಇವನನ್ನ ಏನು ಮಾಡ್ತೀರಿ ಸಾರ್?" ಅಂತ ಕೇಳಿದೆ.

"ಇದು ಅಸಂಜ್ಞೇಯ ಅಪರಾಧ ಮೇಡಂ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ" ಅಂದರು.

ಆಮೇಲೆ ಕೂತು ಕಾನೂನು ಓದಿದೆ. ಮತಕ್ಕೆ ಲಂಚ ಕೊಟ್ಟರೂ, ತೆಗೆದುಕೊಂಡರೂ ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬಾಡೂಟ, ಎಣ್ಣೆ ಕೊಡಿಸಿ ವೋಟು ಕೇಳಿದರೆ ಜೈಲೂ ಇಲ್ಲ, ಬರೀ ದಂಡ. ಎರಡಕ್ಕೂ ಜಾಮೀನು ಸಿಗುತ್ತದೆ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, ಲಂಚದ ಶಿಕ್ಷೆ ಅಷ್ಟೇ ಉಳಿಯಿತು. ಅಭ್ಯರ್ಥಿಯ ಒಪ್ಪಿಗೆ ಇಲ್ಲದೆ ಅವರ ಪರವಾಗಿ ಖರ್ಚು ಮಾಡುವವರಿಗೆ 500 ರೂಪಾಯಿ ಇದ್ದ ದಂಡ 10,000 ಆಗಿದೆ. ಕೋಟಿ ಸುರಿಯುವವರಿಗೆ 10,000 ಯಾವ ಲೆಕ್ಕ?

ಲಂಚದ ಕೇಸಿನಲ್ಲಿ ಅಭ್ಯರ್ಥಿಗೇ ಶಿಕ್ಷೆಯಾದರೆ ಅವರು ಕನಿಷ್ಠ ಆರು ವರ್ಷ ಚುನಾವಣೆಗೆ ನಿಲ್ಲುವ ಹಾಗಿಲ್ಲ. ಅದು ನಿಜಕ್ಕೂ ಭಯ ಹುಟ್ಟಿಸುವ ಮಾತು. ಆದರೆ ಬೀದಿಯಲ್ಲಿ ಸಿಗುವವನು ದಿನಗೂಲಿ ಹುಡುಗ. ದುಡ್ಡು ಕಳಿಸಿದವರ ತನಕ ಕೇಸು ಹೋಗಬೇಕಾದರೆ ತನಿಖೆ ಆಗಬೇಕು, ತನಿಖೆಗೆ ಮೊದಲು ಅನುಮತಿ ಬೇಕು. ಮತಕ್ಕೆ ಲಂಚವನ್ನು ಸಂಜ್ಞೇಯ ಅಪರಾಧ, ಅಂದರೆ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದ ಅಪರಾಧ, ಮಾಡಿ ಅಂತ ಚುನಾವಣಾ ಆಯೋಗವೇ ಹಿಂದೆ ಕೇಳಿತ್ತು. ಇನ್ನೂ ಆಗಿಲ್ಲ.

2019ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ 11 ಕೋಟಿಗೂ ಜಾಸ್ತಿ ನಗದು ಸಿಕ್ಕಿ, ಮತದಾನಕ್ಕೆ ಎರಡು ದಿನ ಇರುವಾಗ ಚುನಾವಣೆಯೇ ರದ್ದಾಯಿತು. ಅಲ್ಲಿ ನಷ್ಟ ದುಡ್ಡು ಮುಟ್ಟದ ಮತದಾರರಿಗೂ ಆಯಿತು ಅಲ್ವಾ? ಕಳಿಸಿದವರಿಗೆ ಮಾತ್ರ ಬಿಸಿ ತಟ್ಟುವ ಕಾನೂನು ಬೇಕು.

ಮರುದಿನ ಆ್ಯಪ್‌ನಲ್ಲಿ ನನ್ನ ದೂರಿನ ಮುಂದೆ 'ವಿಲೇವಾರಿ' ಅಂತ ಬಂದಿತ್ತು. ಪಕ್ಕದ ಮನೆಯವರು "ನಿಮಗ್ಯಾಕೆ ಬೇಕಿತ್ತಕ್ಕ?" ಅಂದರು. ಅವರೂ ಐನೂರು ತೆಗೆದುಕೊಂಡಿದ್ದರು. ಗಂಡ ಹಾಸಿಗೆ ಹಿಡಿದ ಮನೆ, ನನಗೆ ಬೈಯಲು ಮನಸ್ಸಾಗಲಿಲ್ಲ.

ಆ್ಯಪ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಫೋನಿನ ಲೊಕೇಶನ್ ಆನ್ ಇಟ್ಟುಕೊಳ್ಳಿ. ವಿಡಿಯೊ ತೆಗೆದ ಮೇಲೆ ಕಳಿಸಲು ಐದೇ ನಿಮಿಷ ಇರುತ್ತದೆ, ಹಾಗಾಗಿ ನೆಟ್‌ವರ್ಕ್ ಸಿಗುವ ಕಡೆ ನಿಂತು ತೆಗೆಯಿರಿ.