ಕ್ಯೂಎಮು ಎನ್‌ವಿಡಿಮ್: ಕೋಡ್ ಪರೀಕ್ಷೆಗೆ ಸೈ, ಡೇಟಾ ಇಡುವ ಮುಂಚೆ ಇದನ್ನು ಓದಿ

ಪರ್ಸಿಸ್ಟೆಂಟ್ ಮೆಮೊರಿಗೆ (ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಮೆಮೊರಿ) ಕೋಡ್ ಬರೆಯಬೇಕು, ಆದರೆ ಕಲಬುರಗಿಯಲ್ಲಿ ಕೂತವರಿಗೆ ಅಸಲಿ ಮಾಡ್ಯೂಲ್ ಎಲ್ಲಿ ಸಿಗಬೇಕು? ಅಂಥ ಮೆಮೊರಿ ಮಾಡುತ್ತಿದ್ದ ತನ್ನ ಆಪ್ಟೇನ್ ವ್ಯವಹಾರ ಮುಚ್ಚುವುದಾಗಿ ಇಂಟೆಲ್ 2022ರಲ್ಲೇ ಹೇಳಿಬಿಟ್ಟಿತು. ಹಾಗಾಗಿ ಕೆಲವು ವರ್ಷಗಳಿಂದ ನನ್ನ ಕೆಲಸವೆಲ್ಲ ಕ್ಯೂಎಮು (ವರ್ಚುವಲ್ ಯಂತ್ರ, ಅಂದರೆ ವಿಎಂ ಓಡಿಸುವ ತಂತ್ರಾಂಶ) ಕೊಡುವ ವರ್ಚುವಲ್ ಎನ್‌ವಿಡಿಮ್, ಅಂದರೆ ಅಂಥ ಮಾಡ್ಯೂಲ್‌ನ ನಕಲಿನ ಮೇಲೆಯೇ ನಡೆದಿದೆ.

2.6 ಆವೃತ್ತಿಯಿಂದ ಈ ಸೌಲಭ್ಯ ಇದೆ. ಹೋಸ್ಟ್‌ನ (ವಿಎಂ ಓಡಿಸುವ ಅಸಲಿ ಯಂತ್ರದ) ಒಂದು ಫೈಲ್ ತೋರಿಸಿದರೆ ಸಾಕು, ಗೆಸ್ಟ್ (ವಿಎಂ ಒಳಗಿನ) ಲಿನಕ್ಸ್‌ನಲ್ಲಿ 'ಪಿಮೆಮ್0' ಡಿವೈಸ್ ಬರುತ್ತದೆ. ಡ್ಯಾಕ್ಸ್ (ಫೈಲನ್ನು ನೇರವಾಗಿ ಆ ಮೆಮೊರಿಯಲ್ಲೇ ಓದಿ ಬರೆಯುವ ಆಯ್ಕೆ) ಹಾಕಿ ಮೌಂಟ್ ಮಾಡಿದರೆ ಅಸಲಿ ಹಾರ್ಡ್‌ವೇರ್‌ಗೆ ಬರೆದ ಕೋಡ್ ಹಾಗೇ ಓಡುತ್ತದೆ. ಇದಕ್ಕಾಗಿ ನಾನು ನಿಜಕ್ಕೂ ಋಣಿ. ಮ್ಯಾಕ್ಸ್‌ಮೆಮ್ (ವಿಎಂನ ಗರಿಷ್ಠ ಮೆಮೊರಿ ಮಿತಿ) ಮಾತ್ರ ರ‍್ಯಾಮ್ ಮತ್ತು ಎನ್‌ವಿಡಿಮ್ ಎರಡೂ ಹಿಡಿಯುವಷ್ಟು ಕೊಡಿ, ಇಲ್ಲದಿದ್ದರೆ ವಿಎಂ ಏಳುವುದೇ ಇಲ್ಲ.

ಇನ್ನು ಮುಖ್ಯ ವಿಷಯ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಯುಪಿಎಸ್ ಕೈಕೊಟ್ಟ ದಿನ 'ಪರ್ಸಿಸ್ಟೆಂಟ್' ಎಂಬ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತದೆ. ಶೇರ್ ಆನ್ (ಗೆಸ್ಟ್ ಬರೆದದ್ದು ಹೋಸ್ಟ್‌ನ ಫೈಲ್‌ಗೂ ಸೇರುವ ಆಯ್ಕೆ) ಇದ್ದರೆ ಕ್ಯೂಎಮು ಪ್ರೋಸೆಸ್ ಕೊಂದರೂ ಡೇಟಾ ಉಳಿಯುತ್ತದೆ, ಯಾಕೆಂದರೆ ಅದು ಹೋಸ್ಟ್‌ನ ಪೇಜ್ ಕ್ಯಾಶ್‌ನಲ್ಲಿ (ಫೈಲ್‌ಗಳ ಡೇಟಾವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) ಇದೆ. ಅದನ್ನು ನೋಡಿ ಜನ ಪರೀಕ್ಷೆ ಪಾಸಾಯಿತು ಅಂದುಕೊಳ್ಳುತ್ತಾರೆ. ಹೋಸ್ಟ್‌ನ ಕರೆಂಟೇ ಹೋದರೆ ಕತೆ ಬೇರೆ. ಗೆಸ್ಟ್ ಮಾಡುವ ಫ್ಲಶ್ ಸಿಪಿಯು ಕ್ಯಾಶ್‌ನಿಂದ ರ‍್ಯಾಮ್‌ವರೆಗೆ ಮಾತ್ರ. ಅಲ್ಲಿಂದ ಡಿಸ್ಕ್‌ಗೆ ಬರೆಯಲು ಹೋಸ್ಟ್‌ಗೆ ಯಾರೂ ಹೇಳಿಲ್ಲವಲ್ಲ! ನನ್ನ ಲಾಗ್‌ನ ಕೊನೆಯ ಭಾಗ ಹೀಗೇ ಮಾಯವಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಸಾಮಾನ್ಯ ಎಸ್‌ಎಸ್‌ಡಿ ಮೇಲೆ ಫೈಲ್ ಇಡುವವರು ಎನ್‌ವಿಡಿಮ್ ಬದಲು ಕ್ಯೂಎಮುವಿನದೇ ಇನ್ನೊಂದು ವರ್ಚುವಲ್ ಡಿವೈಸ್ ಆದ ವರ್ಟಿಯೊ-ಪಿಮೆಮ್ ಬಳಸಿ. ಕ್ಯೂಎಮು 4.1, ಗೆಸ್ಟ್‌ನಲ್ಲಿ ಲಿನಕ್ಸ್ 5.3 ಅಥವಾ ಅದಕ್ಕಿಂತ ಹೊಸದು ಬೇಕು. ಇಲ್ಲಿ ಗೆಸ್ಟ್ ಎಫ್‌ಸಿಂಕ್ (ಡೇಟಾವನ್ನು ಡಿಸ್ಕ್‌ಗೆ ಬರೆದು ಮುಗಿಸು ಎಂಬ ಕೋರಿಕೆ) ಮಾಡಿದರೆ ಆ ಕೋರಿಕೆ ಹೋಸ್ಟ್‌ಗೂ ತಲುಪಿ, ಅಲ್ಲಿಯೂ ಎಫ್‌ಸಿಂಕ್ ಆಗುತ್ತದೆ. ಬೆಲೆಯೂ ಇದೆ: ಮ್ಯಾಪ್-ಸಿಂಕ್ (ಎಫ್‌ಸಿಂಕ್ ಇಲ್ಲದೆ ಸಿಪಿಯು ಫ್ಲಶ್ ಒಂದೇ ಸಾಕಾಗುವ ಸೌಲಭ್ಯ) ಸಿಗುವುದಿಲ್ಲ. ಬರೀ ಸಿಪಿಯು ಫ್ಲಶ್ ನಂಬಿದ ಕೋಡನ್ನು ಬದಲಿಸಲೇಬೇಕು. ನಿಧಾನವೂ ಜಾಸ್ತಿ. ಆದರೂ ನನ್ನ ಡೇಟಾ ಈಗ ಅದರಲ್ಲೇ ಇದೆ.

ಎನ್‌ವಿಡಿಮ್‌ಗೆ 'ಪಿಮೆಮ್ ಆನ್' ಎಂಬ ಆಯ್ಕೆ ಕೊಟ್ಟರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಇಲ್ಲ, ಕೆಳಗೆ ಅಸಲಿ ಪರ್ಸಿಸ್ಟೆಂಟ್ ಮೆಮೊರಿ ಇರಲೇಬೇಕು. ಸಾಮಾನ್ಯ ಫೈಲ್ ಆದರೆ, ಹೋಸ್ಟ್ ಕ್ರ್ಯಾಶ್ ಆದಾಗ ಡೇಟಾ ಕೆಡಬಹುದು ಅಂತ ಕ್ಯೂಎಮು ಎಚ್ಚರಿಸಿ ಮುಂದೆ ಹೋಗುತ್ತದೆ. ಆ ಎಚ್ಚರಿಕೆ ಪಿಮೆಮ್ ಆನ್ ಇಲ್ಲದಾಗಲೂ ಬರಬೇಕು. ಹೊಸಬರು ಶುರು ಮಾಡುವುದು ಅಲ್ಲಿಂದಲೇ ಅಲ್ವಾ?